ಕಚೇರಿಯ ಕಳವಳವೂ ಕೇಳಿಸಿಕೊಳ್ಳುವವರೂ

1974ರ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ, ಮುಂಬಯಿಯ ಫೋರ್ಟ್ ಭಾಗದ ವ್ಯಾಪಾರಸಂಸ್ಥೆಯೊಂದರಲ್ಲಿ ಲೆಕ್ಕದ ಗುಮಾಸ್ತನಾಗಿ ಸೇರಿ ಇನ್ನೂ ವರ್ಷವೂ ತುಂಬದಿದ್ದ ನನ್ನ ಮೂರು ರಾತ್ರಿಗಳ ನಿದ್ರೆಯನ್ನು, ಟ್ರಯಲ್ ಬ್ಯಾಲೆನ್ಸಿನ ಡೆಬಿಟ್ಟಿಗೂ ಕ್ರೆಡಿಟ್ಟಿಗೂ ತಾಳೆ ಬೀಳದೆ ಉಳಿದುಹೋದ 810 ರೂಪಾಯಿಗಳು ಅಪಹರಿಸಿದ್ದವು. ಅದು ಕಳವಾದ ಹಣವಲ್ಲ, ಬರವಣಿಗೆಯಲ್ಲಿ ಎಲ್ಲಿಯೋ ನುಸುಳಿದ ದೋಷ ಎಂಬುದನ್ನು ಬುದ್ಧಿ ಬಲ್ಲದು; ಆದರೂ ಹಗಲೆಲ್ಲ ಖಾತೆವಹಿಗಳನ್ನು ಮಗುಚಿ ಸೋತು, ಮಾಟುಂಗಾದ ರೂಮಿಗೆ ಮರಳಿ ಚಾಪೆಯ ಮೇಲೆ ಮೈಚಾಚಿದೊಡನೆ, ಆ ಸಂಖ್ಯೆಯು ತನ್ನ ಪರಿಮಿತವಾದ ಗಾತ್ರವನ್ನು ತೊರೆದು, ನೌಕರಿ ಹೋಗುವುದು, ಗಂಟುಮೂಟೆಯೊಡನೆ ಊರಿನ ಬಸ್ಸು ಹತ್ತುವುದು, ತಂದೆಯ ಮುಖವನ್ನು ನೋಡಲಾರದೆ ಅಂಗಳದಲ್ಲಿಯೇ ನಿಂತುಬಿಡುವುದು ಎಂಬ ದೃಶ್ಯಪರಂಪರೆಯಾಗಿ ಬೆಳೆದು ಕಣ್ಣ ಮುಂದೆ ನಿಲ್ಲುತ್ತಿತ್ತು.

ಆ ರೂಮಿನಲ್ಲಿ ನಾವು ಆರು ಮಂದಿ. ನಮ್ಮಲ್ಲಿ ಹಿರಿಯರಾದವರು ಅಂಕೋಲೆಯ ಕಡೆಯವರು, ಬ್ಯಾಂಕೊಂದರಲ್ಲಿ ಇಪ್ಪತ್ತು ವರ್ಷ ಲೆಡ್ಜರುಗಳ ನಡುವೆ ಸವೆದವರು, ಮಾತು ಕಡಿಮೆ. ನಾಲ್ಕನೆಯ ರಾತ್ರಿ ದೀಪ ಆರಿದ ಮೇಲೆ ಅವರು ಮಗ್ಗುಲು ಬದಲಿಸದೆಯೇ ಕೇಳಿದರು: “ತಮಾ, ಎಷ್ಟು ರೂಪಾಯಿ?”

ನಾನು ಅವರಿಗೆ ಏನನ್ನೂ ಹೇಳಿರಲಿಲ್ಲ. ಮಾರ್ಚ್ ತಿಂಗಳಿನಲ್ಲಿ ಗುಮಾಸ್ತನೊಬ್ಬ ರಾತ್ರಿ ಹೊರಳಾಡಿದರೆ ಅದಕ್ಕೆ ಕಾರಣವೇನಿರಬಹುದೆಂಬುದು ಅವರಿಗೆ ತಿಳಿದಿತ್ತು, ಅಷ್ಟೆ. ನಾನು ಮೊತ್ತವನ್ನು ಹೇಳಿದೆ. ಆ ಕತ್ತಲೆಯಲ್ಲಿ, ಆ ದನಿಗೆ ಉತ್ತರವಾಗಿ, ಮೊದಲ ಬಾರಿಗೆ ಅದನ್ನು ಬಾಯಿಬಿಟ್ಟು ಉಚ್ಚರಿಸಿದಾಗ, ಮೂರು ದಿನಗಳಿಂದ ಮಿತಿಮೀರಿ ಬೆಳೆದಿದ್ದ ಆ ಸಂಖ್ಯೆಯು ಮತ್ತೆ ಎಂಟುನೂರ ಹತ್ತು ರೂಪಾಯಿಗಳಿಗೆ ಇಳಿದುಬಂದುದನ್ನು ನಾನು ಅನುಭವಿಸಿದೆ. ಅನಂತರ ಅವರು ಕೇಳಿದ್ದು ಇನ್ನೊಂದೇ ಪ್ರಶ್ನೆ: “ಒಂಬತ್ತರಿಂದ ಭಾಗ ಹೋಗ್ತದೋ?” ವ್ಯತ್ಯಾಸದ ಮೊತ್ತವು ಒಂಬತ್ತರಿಂದ ಭಾಗವಾದರೆ ಎಲ್ಲಿಯೋ ಎರಡು ಅಂಕಿಗಳು ಅದಲುಬದಲಾಗಿರುವ ಸಂಭವವುಂಟೆಂಬುದು ಲೆಕ್ಕಿಗರಿಗೆಲ್ಲ ತಿಳಿದ ಹಳೆಯ ಸೂತ್ರ. ಮರುದಿನ ಹನ್ನೊಂದು ಗಂಟೆಯೊಳಗಾಗಿ, 1900 ಎಂದಿರಬೇಕಾದಲ್ಲಿ 1090 ಎಂದು ಬರೆದಿದ್ದ ನನ್ನದೇ ಅಕ್ಷರ ನನಗೆ ಸಿಕ್ಕಿತು.

ಆ ಸೂತ್ರವನ್ನು ಯಾವ ಪುಸ್ತಕದಿಂದಲಾದರೂ ಕಲಿಯಬಹುದಾಗಿತ್ತು. ಆದರೆ ಆ ಮೊದಲ ಪ್ರಶ್ನೆ ಪುಸ್ತಕದಲ್ಲಿ ಇರಲಿಲ್ಲ. ಅದನ್ನು ಕೇಳಲು, ನನ್ನ ಮೇಲೆ ಅಧಿಕಾರವಿಲ್ಲದ, ನನ್ನ ಸೋಲುಗೆಲುವುಗಳಿಂದ ಲಾಭನಷ್ಟವಿಲ್ಲದ, ಆದರೂ ನನ್ನ ಕ್ಷೇಮದಲ್ಲಿ ಆಸಕ್ತಿಯುಳ್ಳ ಒಬ್ಬ ಮನುಷ್ಯ ಬೇಕಾಗಿತ್ತು. ಇಂದು ಮುಂಬಯಿಯ ಕಚೇರಿಗಳಲ್ಲಿ ‘ಪರ್ಸನಲ್ ಕೋಚ್’ ಎಂಬ ಹೆಸರಿನಿಂದ ಕರೆಯಲ್ಪಡುವ, ಗಂಟೆಗಿಷ್ಟೆಂದು ಶುಲ್ಕ ತೆಗೆದುಕೊಳ್ಳುವ ಹೊಸ ವೃತ್ತಿಯವರ ವಿಷಯವನ್ನು ಕೇಳಿದಾಗಲೆಲ್ಲ ನನಗೆ ಆ ಕತ್ತಲೆಯ ರೂಮೇ ನೆನಪಾಗುವುದು.

‘ಕೋಚ್’ ಎಂಬ ಶಬ್ದದ ಚರಿತ್ರೆಯು ಸ್ವಾರಸ್ಯಕರವಾದುದು. ಹಂಗೇರಿ ದೇಶದ ಕೋಚ್ ಎಂಬ ಹಳ್ಳಿಯಲ್ಲಿ ಹದಿನೈದನೆಯ ಶತಮಾನದಲ್ಲಿ ನಿರ್ಮಾಣವಾಗುತ್ತಿದ್ದ ಹಗುರವಾದ ಕುದುರೆಗಾಡಿಗೆ ಆ ಊರಿನ ಹೆಸರೇ ಅಂಟಿ, ಯುರೋಪಿನ ಭಾಷೆಗಳಲ್ಲೆಲ್ಲ ಹಬ್ಬಿ, ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳ ಬಾಯಿಯಲ್ಲಿ, ತಮ್ಮನ್ನು ಪರೀಕ್ಷೆಯ ಆಚೆ ದಡಕ್ಕೆ ಹೊತ್ತು ಮುಟ್ಟಿಸುವ ಖಾಸಗಿ ಉಪಾಧ್ಯಾಯನಿಗೆ ಸಲ್ಲುವ ಅಡ್ಡಹೆಸರಾಯಿತು. ಅಲ್ಲಿಂದ ಕ್ರೀಡಾಂಗಣಕ್ಕೂ, 1974ರಲ್ಲಿ ಟಿಮೊಥಿ ಗಾಲ್ವೆ ಎಂಬ ಅಮೆರಿಕದ ಟೆನಿಸ್ ಶಿಕ್ಷಕನು, ಆಟಗಾರನ ನಿಜವಾದ ಎದುರಾಳಿಯು ಬಲೆಯ ಆಚೆ ಇರುವವನಲ್ಲ, ಅವನ ಮನಸ್ಸಿನೊಳಗೇ ನಿಂತು ಅವನನ್ನು ಹಳಿಯುವ ದನಿ ಎಂದು ಬರೆದ ಬಳಿಕ ಉದ್ಯಮಗಳ ಸಭಾಗೃಹಕ್ಕೂ ಅದು ಬಂದಿತು. 1992ರಲ್ಲಿ ಜಾನ್ ವಿಟ್‌ಮೋರ್ ಎಂಬವರ ಗ್ರಂಥವು ಈ ವಿದ್ಯೆಗೊಂದು ಕ್ರಮವನ್ನು ಒದಗಿಸಿತು. ಗುರಿ ಯಾವುದು, ಇಂದಿನ ಸ್ಥಿತಿ ಏನು, ದಾರಿಗಳು ಎಷ್ಟು, ಯಾವುದನ್ನು ಹಿಡಿಯುವೆ ಎಂಬ ನಾಲ್ಕು ಪ್ರಶ್ನೆಗಳ ಸುತ್ತ ಇಂದಿಗೂ ಬಹುಮಂದಿ ತರಬೇತುಗಾರರ ಸಂಭಾಷಣೆ ನಡೆಯುತ್ತದೆ. ಮುಂಬಯಿಯ ನಮಗಾದರೋ ಕೋಚ್ ಎಂದರೆ ಲೋಕಲ್ ಗಾಡಿಯ ಡಬ್ಬಾ. ಹೊತ್ತು ಮುಟ್ಟಿಸುವುದೆಂಬ ಮೂಲಾರ್ಥಕ್ಕೆ ಇದಕ್ಕಿಂತ ಸಮೀಪವಾದ ಉದಾಹರಣೆಯನ್ನು ನಾನು ಕಾಣೆ.

ಕನ್ನಡಿಗರು ಈ ನಗರಕ್ಕೆ ಬಂದು ನೆಲೆಸಿದ ಕಾಲದಲ್ಲಿ, ಹೊತ್ತು ಮುಟ್ಟಿಸುವ ಕಾರ್ಯವನ್ನು ಮಾಡುತ್ತಿದ್ದವರು ಇಂಥ ರೂಮಿನ ಹಿರಿಯರೂ ನಮ್ಮ ಸಂಘಗಳೂ ರಾತ್ರಿಶಾಲೆಗಳೂ. ಮೊಗವೀರ ವ್ಯವಸ್ಥಾಪಕ ಮಂಡಳಿಯು 1902ರಲ್ಲಿ, ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಲ್ಲಿ, ಬಂಟರ ಸಂಘವು 1927ರಲ್ಲಿ, ಕರ್ನಾಟಕ ಸಂಘವು 1933ರಲ್ಲಿ ಹುಟ್ಟಿದವು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಸ್ಲೇಟು ಹಿಡಿಯುತ್ತಿದ್ದ ಹುಡುಗನಿಗೆ ರಾತ್ರಿಶಾಲೆಯ ಮಾಸ್ತರರು ಕಲಿಸಿದ್ದು ಅಕ್ಷರವನ್ನು ಮಾತ್ರವಲ್ಲ. ಧಣಿಯು ಬೈದರೆ ಎಷ್ಟನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕು, ಎಷ್ಟನ್ನು ಬಾಗಿಲ ಹೊರಗೆ ಬಿಡಬೇಕು, ಯಾವಾಗ ಬೇರೆ ಕೆಲಸ ಹುಡುಕಬೇಕು ಎಂಬ ವಿವೇಕವನ್ನು ಕೂಡ ಆ ಹುಡುಗರು ಅಲ್ಲಿಯೇ ಪಡೆದರು. ಆ ಹುಡುಗರಲ್ಲಿ ಅನೇಕರು ಮುಂದೆ ವಕೀಲರೂ ಬ್ಯಾಂಕಿನ ಅಧಿಕಾರಿಗಳೂ ಹೋಟೆಲುಗಳ ಒಡೆಯರೂ ಆದರು. ಆ ಕಾಲವನ್ನು ಚಿನ್ನದ ಕಾಲವೆಂದು ನಾನು ಹೇಳಲಾರೆ. ಅದರಲ್ಲಿ ಹಸಿವೂ ಅವಮಾನವೂ ಬೇಕಾದಷ್ಟಿದ್ದವು. ಆದರೆ ಕಳವಳಗೊಂಡವನ ಪಕ್ಕದ ಚಾಪೆಯಲ್ಲಿ ಒಬ್ಬ ಮನುಷ್ಯನಿರುತ್ತಿದ್ದನು.

ಕಚೇರಿಯ ಭಯವೆಂಬುದು ಮನುಷ್ಯನನ್ನು ಯಾವ ಅವಸ್ಥೆಗೆ ತರಬಲ್ಲದೆಂಬುದನ್ನು ಮುಂಬಯಿಯ ಕನ್ನಡ ಸಾಹಿತ್ಯವು ಬಹಳ ಮುಂಚೆಯೇ ಕಂಡಿತ್ತು. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿ, ಈ ನಗರದಲ್ಲಿ ಪ್ಲಾಸ್ಟಿಕ್ ತಂತ್ರಜ್ಞರಾಗಿ ಉದ್ಯಮಸಂಸ್ಥೆಯೊಂದರ ಉನ್ನತ ಹುದ್ದೆಯವರೆಗೆ ಏರಿದ ಯಶವಂತ ಚಿತ್ತಾಲರ ‘ಶಿಕಾರಿ’ ಕಾದಂಬರಿಯು ಪ್ರಕಟವಾದದ್ದು 1979ರಲ್ಲಿ. ತನ್ನ ಅಪರಾಧವೇನೆಂಬುದು ಸ್ಪಷ್ಟವಾಗಿ ತಿಳಿಯದೆಯೇ ವಿಚಾರಣೆಗೆ ಗುರಿಯಾಗುವ ಅದರ ನಾಯಕ ನಾಗನಾಥನು, ಯಾರು ಮಿತ್ರ ಯಾರು ವೈರಿ ಎಂಬುದನ್ನು ಗೊತ್ತುಹಚ್ಚಲಾರದೆ, ಪ್ರತಿಯೊಂದು ದನಿಯಲ್ಲಿಯೂ ಪ್ರತಿಯೊಂದು ಮೌನದಲ್ಲಿಯೂ ಬೇಟೆಗಾರನನ್ನು ಕಾಣತೊಡಗುತ್ತಾನೆ. ಆ ಕಾದಂಬರಿಯನ್ನು ನಾನು ಓದಿದ್ದು ನೌಕರಿಯಲ್ಲಿದ್ದಾಗ; ನಿವೃತ್ತನಾದ ಮೇಲೆ ಅದನ್ನು ಮತ್ತೆ ಕೈಗೆತ್ತಿಕೊಂಡುದಕ್ಕೆ ಕಾರಣಳಾದವಳು ನನ್ನ ತಂಗಿಯ ಮಗಳು.

ಅವಳು ಡೊಂಬಿವಲಿಯಲ್ಲಿ ಇರುವವಳು. ಬಾಂದ್ರಾ–ಕುರ್ಲಾ ಸಂಕೀರ್ಣದ ಗಾಜಿನ ಕಟ್ಟಡವೊಂದರಲ್ಲಿ ಹಣಕಾಸಿನ ಸಂಸ್ಥೆಯೊಂದರ ಟೀಮಿನಲ್ಲಿ ಕೆಲಸ. ಬೆಳಗ್ಗೆ ಫಾಸ್ಟ್ ಲೋಕಲ್ ಹಿಡಿದು, ಕುರ್ಲಾದಲ್ಲಿ ಇಳಿದು, ಶೇರ್ ರಿಕ್ಷಾದ ಸರದಿಯಲ್ಲಿ ನಿಂತು, ಹೋಗಿ ಬರುವುದಕ್ಕೇ ಮೂರು ಗಂಟೆ. ಕಳೆದ ವರ್ಷದ ಮಳೆಗಾಲದಲ್ಲಿ ಒಂದು ಸಂಜೆ ಅವಳು ನಮ್ಮ ಮನೆಗೆ ಬಂದು, ಚಹದ ಕಪ್ಪನ್ನು ಮುಟ್ಟದೆ ಕುಳಿತಿದ್ದು, ಕೊನೆಗೆ ಹೇಳಿದಳು: “ಮಾವಾ, ಠಾಣೆ ದಾಟಿದ ಕೂಡಲೇ ಎದೆ ಹೊಡೆದುಕೊಳ್ಳಲು ಶುರುವಾಗ್ತದೆ. ಭಾನುವಾರ ಸಾಯಂಕಾಲ ಆದರೆ ಮನೆಯಲ್ಲಿಯೇ ಹಾಗಾಗ್ತದೆ.” ಅವಳ ಮನೆಯಲ್ಲಿ ಪ್ರೀತಿಗೆ ಕೊರತೆಯಿಲ್ಲ, ಆದರೆ ತಾಯಿಗೆ ಹೇಳಿದರೆ ತಾಯಿ ಹೆದರುವಳು, ಗಂಡನಿಗೆ ಹೇಳಿದರೆ ಕೆಲಸ ಬಿಡು ಎನ್ನುವನು, ಸಹೋದ್ಯೋಗಿಗೆ ಹೇಳಿದರೆ ಅದು ಅಪ್ರೈಸಲಿನ ಕೋಣೆಯನ್ನು ಮುಟ್ಟೀತು. ಪಕ್ಕದ ಚಾಪೆ ಅವಳಿಗೆ ಇರಲಿಲ್ಲ.

ಅವಳ ದೇಹದಲ್ಲಿ ಆಗುತ್ತಿದ್ದುದೇನೆಂಬುದನ್ನು ಶರೀರಶಾಸ್ತ್ರವು ನೂರು ವರ್ಷಗಳಿಂದ ಬಲ್ಲುದು. ಹಾರ್ವರ್ಡಿನ ವಾಲ್ಟರ್ ಕ್ಯಾನನ್ 1915ರಲ್ಲಿ, ಅಪಾಯವನ್ನು ಕಂಡ ಪ್ರಾಣಿಯ ರಕ್ತಕ್ಕೆ ಅಡ್ರಿನಲಿನ್ ಸೇರಿ, ಹೃದಯದ ಗತಿ ಏರಿ, ಜೀರ್ಣಕ್ರಿಯೆ ಸ್ಥಗಿತಗೊಂಡು, ಕಾದಾಡುವುದಕ್ಕೋ ಓಡುವುದಕ್ಕೋ ಸಮಸ್ತ ಶರೀರವು ಸನ್ನದ್ಧವಾಗುವ ಬಗೆಯನ್ನು ವಿವರಿಸಿದನು. 1936ರಲ್ಲಿ ಮಾಂಟ್ರಿಯಲಿನ ಹಾನ್ಸ್ ಸೆಲ್ಯೆ, ಆ ಸನ್ನಾಹವು ಇಳಿಯದೆ ದೀರ್ಘಕಾಲ ನಿಂತರೆ ಶರೀರವೇ ಬಳಲಿ ಕುಸಿಯುವುದನ್ನು ಇಲಿಗಳಲ್ಲಿ ತೋರಿಸಿದನು. ಹುಲಿಯ ಮುಂದೆ ಕೆಲವು ನಿಮಿಷ ಇರಬೇಕಾಗಿದ್ದ ಈ ಸಿದ್ಧತೆಯು, ಮೊಬೈಲಿನ ಒಂದು ‘ಟಿಂಗ್’ ಸದ್ದಿಗೆ, ದಿನಕ್ಕೆ ನಲವತ್ತು ಬಾರಿ, ಓಡಲು ಎಡೆಯೇ ಇಲ್ಲದ ಡಬ್ಬಾದಲ್ಲಿ ನಿಂತ ಹೆಣ್ಣುಮಗಳಿಗೆ ಬಂದರೆ, ಅವಳು ಕಾದಾಡುವುದು ಯಾರೊಡನೆ, ಓಡುವುದು ಎಲ್ಲಿಗೆ?

ಅವಳ ಸಂಸ್ಥೆಯು ತಾನೇ ಹಣ ತೆತ್ತು ಒಬ್ಬ ಕೋಚ್‌ನನ್ನು ಗೊತ್ತುಮಾಡಿಕೊಟ್ಟಿತ್ತು. ಎರಡು ಬಾರಿ ಮಾತನಾಡಿ ಅವಳು ನಿಲ್ಲಿಸಿದಳು. ಆತನು ಸಭ್ಯನೇ, ಆದರೆ ಸಂಭಾಷಣೆಯ ಸಾರಾಂಶವು ಎಚ್‌ಆರ್ ವಿಭಾಗಕ್ಕೆ ಹೋಗುವುದೋ ಇಲ್ಲವೋ ಎಂಬ ಸಂಶಯವಿದ್ದಲ್ಲಿ ಮನಸ್ಸು ತೆರೆಯುವುದೆಂತು? ಈ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ದೃಢವಾಗಿದೆ. ಹಣವನ್ನು ಯಾರೇ ಕೊಡಲಿ, ನೌಕರನು ಆಡಿದ ಮಾತು ಅವನ ಒಪ್ಪಿಗೆಯಿಲ್ಲದೆ ಕೋಣೆಯ ಹೊರಗೆ ಹೋಗಲಾರದೆಂಬುದು ಮೊದಲ ದಿನವೇ ಲಿಖಿತವಾಗಿರಬೇಕು. ಇಲ್ಲದಿದ್ದರೆ ಅದು ತರಬೇತಿಯಲ್ಲ, ಮೃದುವಾದ ದನಿಯಲ್ಲಿ ನಡೆಯುವ ವಿಚಾರಣೆ. ನಾಗನಾಥನ ಭಯವು ಅಲ್ಲಿಂದಲೇ ಹುಟ್ಟುವುದು.

ಅನಂತರ ಅವಳು ತನ್ನ ಸ್ವಂತ ಖರ್ಚಿನಲ್ಲಿ, ಮುಲುಂಡದಲ್ಲಿರುವ ಒಬ್ಬಾಕೆಯ ಬಳಿಗೆ ಹೋಗತೊಡಗಿದಳು. ಮನಶ್ಶಾಸ್ತ್ರವನ್ನು ಓದಿದವಳು ಆಕೆ, ಕಚೇರಿಗಳಲ್ಲಿ ಹದಿನೈದು ವರ್ಷ ಕೆಲಸವನ್ನೂ ಮಾಡಿದವಳು. ಅಲ್ಲಿ ನಡೆದುದನ್ನು ನನ್ನ ಸೋದರಸೊಸೆಯು ನನಗೆ ವಾರವಾರವೂ ಹೇಳುತ್ತಿದ್ದಳು. ಅವಳ ಅನುಮತಿಯಿಂದಲೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ದಿನ ಆಕೆ ಯಾವ ಉಪದೇಶವನ್ನೂ ಮಾಡಲಿಲ್ಲ. ಹಿಂದಿನ ಮಂಗಳವಾರವನ್ನು ಬೆಳಗಿನಿಂದ ರಾತ್ರಿಯವರೆಗೆ ಗಂಟೆಗಂಟೆಯಾಗಿ ಹೇಳೆಂದಳು. ಹೇಳುತ್ತ ಹೋದಂತೆ ಕಂಡುಬಂದುದೇನೆಂದರೆ, ಎದೆಬಡಿತವು ಕೆಲಸ ಮಾಡುವಾಗ ಬರುತ್ತಲೇ ಇರಲಿಲ್ಲ. ರಾತ್ರಿ ಒಂಬತ್ತರ ಬಳಿಕ, ಟೀಮಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಮ್ಯಾನೇಜರನ ಸಂದೇಶ ಬಂದೀತೆಂದು ಕಾಯುವ ಹೊತ್ತಿನಲ್ಲಿ, ಮತ್ತು ಬೆಳಗ್ಗೆ ಅದನ್ನು ನೆನೆಯುವ ಹೊತ್ತಿನಲ್ಲಿ ಅದು ಬರುತ್ತಿತ್ತು. ‘ಕೆಲಸದ ಒತ್ತಡ’ ಎಂದು ಎರಡು ವರ್ಷ ಕರೆಯುತ್ತ ಬಂದುದರ ನಿಜವಾದ ಹೆಸರು ‘ಒಂಬತ್ತು ಗಂಟೆ’ ಎಂದಾಯಿತು. ಎಂಟುನೂರ ಹತ್ತು ರೂಪಾಯಿ ಎಂದು ಬಾಯಿಬಿಟ್ಟ ರಾತ್ರಿಯನ್ನು ನಾನು ಆಗ ನೆನೆದೆನೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಎರಡನೆಯ ವಾರ ಒಂದು ಅಭ್ಯಾಸ. ಕಚೇರಿಯನ್ನು ಬಿಡುವ ಮುನ್ನ, ಮುಗಿಯದೆ ಉಳಿದ ಕೆಲಸಗಳನ್ನು, ಪ್ರತಿಯೊಂದನ್ನೂ ನಾಳೆ ಎಷ್ಟು ಗಂಟೆಗೆ, ಯಾವ ಹೆಜ್ಜೆಯಿಂದ ಆರಂಭಿಸುವೆನೆಂಬ ವಿವರದೊಡನೆ, ಒಂದು ಪುಟ್ಟ ವಹಿಯಲ್ಲಿ ಬರೆದಿಡುವುದು. ಇದು ಬರಿಯ ಶಿಸ್ತಿನ ಮಾತಲ್ಲ. ಬ್ಲೂಮಾ ಝೈಗಾರ್ನಿಕ್ ಎಂಬ ವಿದುಷಿಯು 1927ರಲ್ಲಿಯೇ, ಮುಗಿದ ಕೆಲಸಕ್ಕಿಂತ ಮುಗಿಯದ ಕೆಲಸವು ಮನಸ್ಸಿನಲ್ಲಿ ಹೆಚ್ಚು ಕಾಲ ಜಾಗೃತವಾಗಿ ಉಳಿಯುವುದೆಂದು ಬರೆದಳು. 2011ರಲ್ಲಿ ಮಸಿಕಾಂಪೊ ಮತ್ತು ಬಾಮೈಸ್ಟರ್ ಎಂಬಿಬ್ಬರು, ಆ ಕೆಲಸವನ್ನು ಮುಗಿಸದಿದ್ದರೂ ಸರಿಯೆ, ಯಾವಾಗ ಹೇಗೆ ಮಾಡುವೆನೆಂದು ಖಚಿತವಾಗಿ ಯೋಜಿಸಿದ ಮಾತ್ರಕ್ಕೇ ಅದರ ಕಾಟವು ತಗ್ಗುವುದೆಂದು ಪ್ರಯೋಗಗಳಿಂದ ತೋರಿಸಿದರು. ಕುರ್ಲಾದ ಪ್ಲಾಟ್‌ಫಾರ್ಮಿನಲ್ಲಿ ನಿಂತು ಅವಳು ಆ ವಹಿಯನ್ನು ಮುಚ್ಚಿ ಪರ್ಸಿನೊಳಗೆ ಇಡುವಳು. ಅದರೊಡನೆ ಉಸಿರಿನ ಅಭ್ಯಾಸ: ಒಳಗೆಳೆಯುವ ಉಸಿರಿಗಿಂತ ಹೊರಬಿಡುವ ಉಸಿರು ದೀರ್ಘವಾಗಿರುವಂತೆ, ಠಾಣೆಯಿಂದ ಮುಲುಂಡದವರೆಗೆ. ಇದನ್ನು ಹೊಸದೆನ್ನಲಾಗದು. ಶ್ರೀ ಯೋಗೇಂದ್ರರು 1918ರಲ್ಲಿ ವರ್ಸೋವದಲ್ಲಿ ಆರಂಭಿಸಿದ, ಇಂದು ಸಾಂತಾಕ್ರೂಜಿನಲ್ಲಿರುವ ಯೋಗಸಂಸ್ಥೆಯು ಈ ನಗರದ ಗೃಹಸ್ಥರಿಗೆ ನೂರು ವರ್ಷಗಳಿಂದ ಪ್ರಾಣಾಯಾಮವನ್ನು ಕಲಿಸುತ್ತ ಬಂದಿದೆ. ಪರೇಲಿನ ಕೆಇಎಂ ಆಸ್ಪತ್ರೆಯ ಮನೋವೈದ್ಯರಾದ ಡಾ. ಎನ್. ಎಸ್. ವಾಹಿಯಾ ಅವರು ಅರುವತ್ತು ಎಪ್ಪತ್ತರ ದಶಕಗಳಲ್ಲಿಯೇ ಪತಂಜಲಿಯ ಯೋಗತತ್ತ್ವಗಳನ್ನು ಆಧರಿಸಿದ ಚಿಕಿತ್ಸೆಯನ್ನು ಮನೋವ್ಯಾಕುಲತೆಯ ರೋಗಿಗಳ ಮೇಲೆ ವೈಜ್ಞಾನಿಕವಾಗಿ ಪರೀಕ್ಷಿಸಿ ಪ್ರಕಟಿಸಿದವರು.

ಬಳಿಕ ಬಂದುದು ಕಠಿಣವಾದ ಭಾಗ. ಮ್ಯಾನೇಜರನಿಗೆ ಹೇಳಬೇಕಾದ ಮಾತನ್ನು ಒಂದೇ ವಾಕ್ಯದಲ್ಲಿ ರಚಿಸಿ, ಮುಲುಂಡದ ಆ ಕೋಣೆಯಲ್ಲಿ ಗಟ್ಟಿಯಾಗಿ ಹತ್ತು ಸಲ ಹೇಳಿಸಿದಳಂತೆ ಆಕೆ: “ತುರ್ತಾಗಿದ್ದರೆ ಫೋನ್ ಮಾಡಿ, ಎತ್ತುತ್ತೇನೆ, ಗುಂಪಿನ ಸಂದೇಶಗಳನ್ನು ರಾತ್ರಿ ಒಂಬತ್ತರ ಮೇಲೆ ನೋಡುವುದಿಲ್ಲ, ಬೆಳಗ್ಗೆ ಉತ್ತರಿಸುತ್ತೇನೆ.” ಮೊದಲ ಸಲ ಹೇಳುವಾಗ ಅವಳ ಕಣ್ಣಲ್ಲಿ ನೀರು ಬಂದಿತ್ತು. ಇಷ್ಟು ಸಾಮಾನ್ಯವಾದ ಒಂದು ವಾಕ್ಯವನ್ನು ಉಚ್ಚರಿಸಲು ಇಪ್ಪತ್ತೊಂಬತ್ತು ವರ್ಷದ, ಎರಡು ಪದವಿಗಳ, ಸಂಸಾರವನ್ನು ತೂಗಿಸಬಲ್ಲ ಹೆಣ್ಣುಮಗಳಿಗೆ ಕಣ್ಣೀರು ಬರುವುದಾದರೆ, ಆ ಕಚೇರಿಯ ಗಾಳಿಯಲ್ಲಿ ಇರುವುದೇನು ಎಂದು ನಾನು ಬಹಳ ಹೊತ್ತು ಯೋಚಿಸಿದೆ.

ಇಂಥ ಸಂಭಾಷಣೆಯಿಂದ ನಿಜವಾಗಿ ಪ್ರಯೋಜನವುಂಟೆ? ಉಂಟೆಂದು ಹೇಳಲು ಆಧಾರಗಳಿವೆ. ಹದಿನೆಂಟು ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿದ 2014ರ ಒಂದು ವಿಶ್ಲೇಷಣೆಯು ಕಾರ್ಯಕ್ಷಮತೆಯಲ್ಲಿಯೂ ಕ್ಷೇಮಭಾವದಲ್ಲಿಯೂ ಒತ್ತಡವನ್ನು ನಿಭಾಯಿಸುವ ಶಕ್ತಿಯಲ್ಲಿಯೂ ಸುಧಾರಣೆಯನ್ನು ಕಂಡಿತು. ಅಮೆರಿಕದ ಮೇಯೊ ಕ್ಲಿನಿಕ್ಕಿನ 88 ವೈದ್ಯರನ್ನು ಕುರಿತ, 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರು ಬಾರಿ, ಒಟ್ಟು ಕೇವಲ ಮೂರೂವರೆ ಗಂಟೆಗಳ ದೂರವಾಣಿ ಸಂಭಾಷಣೆಯನ್ನು ಪಡೆದವರಲ್ಲಿ ಭಾವನಾತ್ಮಕವಾದ ಬಳಲಿಕೆಯು ಐದು ತಿಂಗಳಲ್ಲಿ ಗಮನಾರ್ಹವಾಗಿ ಇಳಿಯಿತು, ಪಡೆಯದವರಲ್ಲಿ ಏರಿತು. ಆದರೆ ಅದೇ ಪ್ರಯೋಗವು ಇನ್ನೊಂದನ್ನೂ ಹೇಳಿತು: ವೃತ್ತಿಯಲ್ಲಿನ ತೃಪ್ತಿಯ ವಿಷಯದಲ್ಲಿ ಎರಡು ಗುಂಪುಗಳಿಗೂ ಗಣನೀಯವಾದ ಅಂತರ ಕಾಣಲಿಲ್ಲ. ಮಾತಿನಿಂದ ಮನುಷ್ಯನ ಬಳಲಿಕೆ ತಗ್ಗಿತು, ಆಸ್ಪತ್ರೆಯು ಅದೇ ಆಸ್ಪತ್ರೆಯಾಗಿ ಉಳಿಯಿತು ಎಂದು ನಾನು ಅದನ್ನು ಅರ್ಥಮಾಡಿಕೊಳ್ಳುತ್ತೇನೆ.

ಈ ಎರಡನೆಯ ಮಾತನ್ನು ಉದ್ಯಮಗಳು ಕೇಳಿಸಿಕೊಳ್ಳಲು ಒಲ್ಲವು. ಲಂಡನ್ನಿನ ಸರ್ಕಾರಿ ಕಚೇರಿಗಳ ನೌಕರರನ್ನು 1967ರಿಂದ ಹಿಂಬಾಲಿಸಿದ ಪ್ರಸಿದ್ಧವಾದ ವೈಟ್‌ಹಾಲ್ ಅಧ್ಯಯನದಲ್ಲಿ, ಅತ್ಯುನ್ನತ ದರ್ಜೆಯವರಿಗಿಂತ ಅತಿ ಕೆಳಗಿನ ದರ್ಜೆಯವರು ಹೃದ್ರೋಗದಿಂದ ಸಾಯುವ ಪ್ರಮಾಣ ಮೂರು ಪಟ್ಟಿಗೂ ಮಿಕ್ಕಿತ್ತು. ಧೂಮಪಾನ, ರಕ್ತದೊತ್ತಡಗಳನ್ನು ಲೆಕ್ಕ ಹಾಕಿದರೂ ಆ ಅಂತರ ಪೂರ್ತಿಯಾಗಿ ವಿವರಿಸಲ್ಪಡಲಿಲ್ಲ. 1979ರಲ್ಲಿ ರಾಬರ್ಟ್ ಕಾರಸೆಕ್ ಹೇಳಿದುದು ಇದಕ್ಕೆ ಹೊಂದುವ ಮಾತು: ಕೆಲಸದ ಭಾರವೊಂದೇ ಮನುಷ್ಯನನ್ನು ಮುರಿಯಲಾರದು, ಭಾರ ಹೆಚ್ಚಾಗಿದ್ದು ಅದರ ಮೇಲೆ ತನ್ನ ನಿರ್ಧಾರಕ್ಕೆ ಏನೂ ಬೆಲೆಯಿಲ್ಲದಿರುವುದೇ ಮುರಿಯುವುದು. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಮೀರಿ ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಸಂಭವವು ಶೇಕಡ 35ರಷ್ಟು ಅಧಿಕವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2021ರಲ್ಲಿ ತಿಳಿಸಿದವು. ನನ್ನ ಸೊಸೆಯ ವಾರವನ್ನು ನಾನು ಹಳೆಯ ಗುಮಾಸ್ತನ ಅಭ್ಯಾಸದಿಂದ ಕೂಡಿಸಿ ನೋಡಿದೆ: ಕಚೇರಿಯಲ್ಲಿ ಐದು ದಿನ, ದಿನಕ್ಕೆ ಹತ್ತು ಗಂಟೆಯಂತೆ ಐವತ್ತು, ರಾತ್ರಿಯ ಕಾಲ್‌ಗಳು ಏಳೆಂಟು, ರೈಲು ರಿಕ್ಷಾಗಳಲ್ಲಿ ಹದಿನೈದು, ಇದನ್ನು ಯಾವ ಸಂಸ್ಥೆಯೂ ಎಣಿಸುವುದಿಲ್ಲ. ಈ ಮೊತ್ತವು ಒಂಬತ್ತರಿಂದ ಭಾಗವಾಗುವ ತಪ್ಪಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯು ಕಾರ್ಯಸ್ಥಳದ ವ್ಯವಸ್ಥೆಯನ್ನೂ ಕೆಲಸದ ಹೊರೆಯನ್ನೂ ತಿದ್ದುವ ಉಪಾಯಗಳನ್ನು, ಮ್ಯಾನೇಜರುಗಳಿಗೆ ಕೊಡಬೇಕಾದ ಶಿಕ್ಷಣವನ್ನು, ವ್ಯಕ್ತಿಗೆ ನೀಡುವ ನೆರವಿನ ಜೊತೆಗೇ ಇರಿಸಿದೆ. ಒಂದನ್ನು ಕೊಟ್ಟು ಉಳಿದೆರಡನ್ನು ಮರೆಯುವ ಸಂಸ್ಥೆಯು ಸೋರುವ ಮಾಡಿನ ಕೆಳಗೆ ಕುಳಿತವನಿಗೆ ಒರಸಲು ಬಟ್ಟೆ ಕೊಟ್ಟಂತೆ.

ಕೋಚ್ ಆಗಿ ಬೋರ್ಡು ಹಾಕಿಕೊಳ್ಳಲು ನಮ್ಮ ದೇಶದಲ್ಲಿ ಪರವಾನಗಿ ಬೇಕಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಚಿಕಿತ್ಸಾ ಮನಶ್ಶಾಸ್ತ್ರಜ್ಞರಾದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು. ಕೋಚ್‌ಗೆ ಅಂಥ ನಿರ್ಬಂಧವಿಲ್ಲ. ಆದಕಾರಣ ಅವರ ಓದೇನು, ಅನುಭವವೇನು, ತಮ್ಮಿಂದಾಗದುದನ್ನು ಯಾರ ಬಳಿಗೆ ಕಳುಹಿಸುತ್ತಾರೆ ಎಂಬುದನ್ನು ಕೇಳಿ ತಿಳಿಯುವ ಹೊಣೆ ಹೋಗುವವರ ಮೇಲೆಯೇ ಬೀಳುತ್ತದೆ. ಕೊನೆಯ ಪ್ರಶ್ನೆಯೇ ಮುಖ್ಯವಾದುದು. ವಾರಗಟ್ಟಲೆ ನಿದ್ರೆ ಬಾರದಿರುವುದು, ಕಾರಣವಿಲ್ಲದೆ ಉಸಿರುಕಟ್ಟುವುದು, ಯಾವುದರಲ್ಲಿಯೂ ಆಸೆ ಉಳಿಯದಿರುವುದು, ಬದುಕು ಬೇಡವೆನಿಸುವುದು, ಇವು ತರಬೇತಿಗೆ ಸಲ್ಲುವ ವಿಷಯಗಳಲ್ಲ. ಇವಕ್ಕೆ ವೈದ್ಯರೇ ಬೇಕು, ಮತ್ತು ಬೇಗನೆ ಬೇಕು. ಮುಲುಂಡದ ಆಕೆಯು ಮೊದಲ ದಿನವೇ ನನ್ನ ಸೊಸೆಯನ್ನು ಈ ವಿಷಯವಾಗಿ ನೇರವಾಗಿ ಪ್ರಶ್ನಿಸಿ, ಹೃದಯದ ಪರೀಕ್ಷೆಯನ್ನೂ ಮಾಡಿಸಿಕೊಂಡು ಬಾ ಎಂದು ಕಳುಹಿಸಿದ್ದಳು. ಆಕೆಯ ಮೇಲೆ ನನಗೆ ವಿಶ್ವಾಸ ಮೂಡಿದ್ದು ಆಗ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಎಂಬ ಸರ್ಕಾರಿ ಸಹಾಯವಾಣಿಯು 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೂ ದೊರೆಯುತ್ತದೆ. ಭಯದ ಭಾಷೆಯು ಸಾಧಾರಣವಾಗಿ ತಾಯಿನುಡಿಯೇ ಆಗಿರುತ್ತದೆ. ಇಂಗ್ಲಿಷಿನಲ್ಲಿ ವ್ಯವಹರಿಸಿ ಹಿಂದಿಯಲ್ಲಿ ಚೌಕಾಶಿ ಮಾಡಿ ಮರಾಠಿಯಲ್ಲಿ ನೆರೆಹೊರೆಯೊಡನೆ ಬಾಳುವ ನಮ್ಮವರಿಗೆ ಈ ಅನುಕೂಲವು ಸಣ್ಣದಲ್ಲ.

ನಮ್ಮ ಸಂಘಗಳು ಯಕ್ಷಗಾನಕ್ಕೂ ವಿದ್ಯಾರ್ಥಿವೇತನಕ್ಕೂ ಕೊಡುವ ಶ್ರದ್ಧೆಯಲ್ಲಿ ಒಂದಂಶವನ್ನು ಇದಕ್ಕೆ ಕೊಡಲಾರವೆ ಎಂದು ನನಗೆ ಅನಿಸುತ್ತದೆ. ಶನಿವಾರ ಸಂಜೆ ಒಂದು ಕೋಣೆ. ಮೂವತ್ತು ನಲವತ್ತು ವರ್ಷ ಬ್ಯಾಂಕು ಕಾರ್ಖಾನೆ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾದ ಇಬ್ಬರು ಮೂವರು ಹಿರಿಯರು, ಕೇಳಿಸಿಕೊಳ್ಳುವ ಕ್ರಮವನ್ನು ಬಲ್ಲವರಿಂದ ಅದಕ್ಕಾಗಿ ಶಿಕ್ಷಣ ಪಡೆದವರು. ತಿಂಗಳಿಗೊಮ್ಮೆ ಒಬ್ಬ ಮನೋವೈದ್ಯರು. ರಾತ್ರಿಶಾಲೆಯ ದೀಪಗಳು ಒಂದೊಂದಾಗಿ ಆರಿದ ಕಟ್ಟಡಗಳಲ್ಲಿ ಕೋಣೆಗಳು ಇನ್ನೂ ಇವೆ.

ನನ್ನ ಸೊಸೆಯು ಆ ವಾಕ್ಯವನ್ನು ಮ್ಯಾನೇಜರನ ಮುಂದೆ ಹೇಳಿದ್ದು ಜನವರಿಯ ಎರಡನೆಯ ವಾರ. ಆತನು ಒಂದು ಕ್ಷಣ ಸುಮ್ಮನಿದ್ದು, “ಸರಿ, ನೋಡೋಣ” ಎಂದನಂತೆ. ಆ ರಾತ್ರಿ ಒಂಬತ್ತೂಕಾಲಕ್ಕೆ ಗುಂಪಿನಲ್ಲಿ ಸಂದೇಶ ಬಂದಿತು. ಅವಳು ಫೋನನ್ನು ಅಡುಗೆಮನೆಯ ಕಪಾಟಿನ ಮೇಲಿಟ್ಟು, ನಡುಗುವ ಕೈಯಿಂದಲೇ ಮಗುವಿಗೆ ಅನ್ನ ಕಲಸಿ ತಿನ್ನಿಸಿದಳು. ಮರುದಿನ ಬೆಳಗ್ಗೆ ಠಾಣೆ ದಾಟುವಾಗ ಎದೆ ಹೊಡೆದುಕೊಂಡಿತೋ ಎಂದು ನಾನು ಕೇಳಿದೆ. “ಹೊಡೆದುಕೊಂಡಿತು ಮಾವಾ,” ಎಂದಳು, “ಮುಲುಂಡಕ್ಕೆ ನಿಂತಿತು.”